ಅಂಕ ಯಾರಿಗೆ ಎಷ್ಟು ಮುಖ್ಯ?

ಅಂಚೆ ಇಲಾಖೆ ಗ್ರಾಮೀಣ ಡಾಕ್ ಸೇವಕರನ್ನು ಆರಿಸುವಾಗ ಪರೀಕ್ಷೆ ನಡೆಸುವುದಿಲ್ಲ, ಸಂದರ್ಶನಕ್ಕೂ ಕರೆಯುವುದಿಲ್ಲ. ಹತ್ತನೇ ತರಗತಿಯ ಅಂಕವೊಂದೇ ಆಧಾರ. ಅದನ್ನು ಶೇಕಡಾವಾರಿಗೆ ತಂದು, ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳವರೆಗೆ ಲೆಕ್ಕ ಹಾಕಿ ಕಂಪ್ಯೂಟರ್ ಮೆರಿಟ್ ಪಟ್ಟಿ ತೆಗೆಯುತ್ತದೆ. ಹದಿನೈದು ಹದಿನಾರನೇ ವಯಸ್ಸಿನಲ್ಲಿ ಬರೆದ ಗಣಿತದ ಪತ್ರಿಕೆಯಲ್ಲಿ ಹೋದ ಎರಡು ಅಂಕ, ಆರೇಳು ವರ್ಷ ಕಳೆದ ಮೇಲೆ ಪಕ್ಕದ ಊರಿನ ಅಂಚೆ ಕಚೇರಿಯ ಕೆಲಸವನ್ನು ತಪ್ಪಿಸಬಹುದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಫಲಿತಾಂಶದ ದಿನಗಳಲ್ಲಿ 'ಅಂಕ ಮುಖ್ಯವಲ್ಲ, ಪ್ರತಿಭೆ ಮುಖ್ಯ' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮನಸ್ಸು ಕುಗ್ಗಿದ ಮಗುವಿಗೆ ಆ ಹೊತ್ತಿನಲ್ಲಿ ಅಂಥ ಮಾತು ಬೇಕೇ ಬೇಕು, ಅದನ್ನು ಹೇಳುವವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಮಾತು ಎಲ್ಲರ ಮನೆಯಲ್ಲೂ ಒಂದೇ ಅಳತೆಯಲ್ಲಿ ನಿಜವಾಗುವುದಿಲ್ಲ. ಅಂಕ ಕಡಿಮೆಯಾದರೆ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳಬಲ್ಲ ಮನೆಯಲ್ಲಿ, ಕೆಲಸ ಸಿಗದಿದ್ದರೆ ಪರಿಚಯದವರಿಗೆ ಒಂದು ಫೋನ್ ಮಾಡಬಲ್ಲ ಮನೆಯಲ್ಲಿ ಅಂಕ ನಿಜಕ್ಕೂ ಅಷ್ಟೇನೂ ಮುಖ್ಯವಲ್ಲ. ಒಂದು ವರ್ಷ ಕೋಚಿಂಗ್‌ಗೆ ಕಳಿಸುವ ಶಕ್ತಿಯೂ ಇಲ್ಲದ ಮನೆಗೆ ಅಂಕಪಟ್ಟಿಯೇ ಆಸ್ತಿ. ಅಂಕದ ಮಹತ್ವ ಎಷ್ಟು ಎಂದು ಕೇಳುವಾಗ, ಯಾರ ಅಂಕ ಎಂದೂ ಕೇಳಬೇಕು.

ಇಷ್ಟು ಭಾರ ಹೊರುವ ಅಂಕಿ ವರ್ಷದಿಂದ ವರ್ಷಕ್ಕೆ ಒಂದೇ ಅರ್ಥ ಕೊಡುತ್ತದೆಯೇ? ನಮ್ಮದೇ ಎಸ್ಸೆಸ್ಸೆಲ್ಸಿ ನೋಡಿ. ಕೋವಿಡ್‌ನಿಂದಾಗಿ 2021ರಲ್ಲಿ ಪರೀಕ್ಷೆ ಎರಡೇ ದಿನಕ್ಕೆ ಇಳಿಯಿತು, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಆ ವರ್ಷ 625ಕ್ಕೆ 625 ಪಡೆದವರು 157 ಮಂದಿ. 2022ರಲ್ಲಿ 145. ಮರುವರ್ಷ ಆ ಸಂಖ್ಯೆ ನಾಲ್ಕಕ್ಕೆ ಕುಸಿಯಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಪೂರ್ಣಾಂಕ ಪಡೆದದ್ದು ಒಬ್ಬಳೇ ವಿದ್ಯಾರ್ಥಿನಿ. ಹಿಂದಿನ ವರ್ಷ ಶೇ 83.89 ಇದ್ದ ಉತ್ತೀರ್ಣರ ಪ್ರಮಾಣ, ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ನಿಂತಿತು. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾಗಲಿಲ್ಲ. ಬದಲಾದದ್ದು ಪರೀಕ್ಷೆ ನಡೆಸಿದ ರೀತಿ.

ಈಗ 2021ರ ಶೇ 96 ಮತ್ತು 2024ರ ಶೇ 93 ಒಂದೇ ಅಂಚೆ ಹುದ್ದೆಗೆ ಅರ್ಜಿ ಹಾಕಿವೆ ಎಂದುಕೊಳ್ಳಿ. ಪಟ್ಟಿಯಲ್ಲಿ ಮೊದಲು ನಿಲ್ಲುವುದು 96. ಅಂಕದ ಬದಲು ಗ್ರೇಡ್ ಕೊಡುತ್ತಿದ್ದ ಕಾಲದಲ್ಲಿ ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿ ಮುಗಿಸಿದವರ ಕಥೆ ಇನ್ನೊಂದು. ಅವರ ಸಿಜಿಪಿಎಯನ್ನು 9.5ರಿಂದ ಗುಣಿಸುವುದು ಸೂತ್ರ. ಹತ್ತಕ್ಕೆ ಹತ್ತು ಬಂದಿದ್ದರೂ 95 ದಾಟುವಂತಿಲ್ಲ. ನಾಲ್ಕು ದಶಮಾಂಶ ಅಂಕಿಗಳ ಸೂಕ್ಷ್ಮತೆ ನೋಡಿದರೆ ಅಳತೆ ಬಹಳ ನಿಖರ ಅನ್ನಿಸುತ್ತದೆ, ಆದರೆ ಅಳೆಯುವ ಕೋಲೇ ವರ್ಷಕ್ಕೊಂದು, ಮಂಡಳಿಗೊಂದು.

ಎಂಜಿನಿಯರಿಂಗ್ ಪ್ರವೇಶದಲ್ಲಿ ಈ ತೊಡಕು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತ್ತು. ಸಿಇಟಿ ರ‍್ಯಾಂಕ್ ಕೊಡುವಾಗ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯದೆ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿಯ ಅಂಕಗಳನ್ನು ಕೂಡಿಸಿ ಎಲ್ಲರನ್ನೂ ಪಾಸು ಮಾಡಲಾಯಿತು. ಆ ವರ್ಷ ರ‍್ಯಾಂಕ್‌ಗೆ ಸಿಇಟಿ ಅಂಕವನ್ನಷ್ಟೇ ಹಿಡಿದರು. ಅದೇ ತಂಡದ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಪರೀಕ್ಷಾ ಪ್ರಾಧಿಕಾರ ಅವರ ಪಿಯುಸಿ ಅಂಕ ಪರಿಗಣಿಸಲಿಲ್ಲ, ಹೊಸಬರದ್ದನ್ನು ಪರಿಗಣಿಸಿತು. ಸಾವಿರಾರು ಮಕ್ಕಳ ರ‍್ಯಾಂಕ್ ಪಾತಾಳಕ್ಕೆ ಇಳಿಯಿತು. ಹೈಕೋರ್ಟ್ ಆ ಕ್ರಮವನ್ನು ರದ್ದುಪಡಿಸಿತು. ಮೇಲ್ಮನವಿಯ ಹಂತದಲ್ಲಿ, 2021ರವರ ಪಿಯುಸಿ ಅಂಕದಲ್ಲಿ ವಿಷಯಕ್ಕೆ ಸರಾಸರಿ ಆರರಂತೆ ಕಳೆದು ಹೊಸ ರ‍್ಯಾಂಕ್ ಪಟ್ಟಿ ಮಾಡುವ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಎರಡು ವರ್ಷಗಳ ಅಂಕ ಒಂದೇ ಅಲ್ಲ ಎಂಬುದನ್ನು ವ್ಯವಸ್ಥೆಯೇ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು. ಅಂಚೆ ಹುದ್ದೆಯ ಅರ್ಜಿದಾರರ ಪರವಾಗಿ ಇಂಥ ಲೆಕ್ಕವನ್ನು ಯಾರೂ ಹಾಕಿಲ್ಲ.

ಅರ್ಧ ಅರ್ಧ ತೂಕ ಎಂದಾಗ ಎರಡೂ ಸಮಾನ ಎಂದು ತಂದೆತಾಯಂದಿರು ನಂಬುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಒಳ್ಳೆಯ ಕಾಲೇಜಿಗೆ ಪೈಪೋಟಿ ನಡೆಸುವ ಮಕ್ಕಳ ಪಿಯುಸಿ ಅಂಕ ಬಹುತೇಕ ತೊಂಬತ್ತರ ಆಚೀಚೆ ಗುಂಪುಗೂಡಿರುತ್ತದೆ. ಅವರದೇ ಸಿಇಟಿ ಅಂಕ ನಲವತ್ತರಿಂದ ತೊಂಬತ್ತರವರೆಗೂ ಹರಡಿಕೊಂಡಿರಬಹುದು. ಪಿಯುಸಿಯಲ್ಲಿ 97 ಮತ್ತು ಸಿಇಟಿಯಲ್ಲಿ 45 ಪಡೆದವಳ ಮೊತ್ತ 71. ಪಿಯುಸಿಯಲ್ಲಿ 89 ಮತ್ತು ಸಿಇಟಿಯಲ್ಲಿ 65 ಪಡೆದವನದು 77. ಎಲ್ಲರೂ ಹತ್ತಿರ ಹತ್ತಿರ ಇರುವ ಕಡೆ ಅಂತರ ಹುಟ್ಟುವುದಿಲ್ಲ, ಹರಡಿಕೊಂಡ ಕಡೆಯೇ ರ‍್ಯಾಂಕ್ ತೀರ್ಮಾನವಾಗುತ್ತದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೋಚಿಂಗ್ ತರಗತಿಯಲ್ಲಿ ಮೊದಲ ವಾರವೇ ಹೇಳಿಕೊಡುವ ಈ ಸಂಗತಿಗಳು ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನ ಮಕ್ಕಳನ್ನು ತಲುಪುವುದೇ ಇಲ್ಲ. ಊರಿಗೇ ಹೆಚ್ಚು ಅಂಕ ತೆಗೆದವಳು ರ‍್ಯಾಂಕ್ ನೋಡಿ ಬೆಚ್ಚಿಬೀಳುವುದು ಹೀಗೆ.

ವೈದ್ಯಕೀಯ ಕೋರ್ಸಿಗೆ ಹೋಗುವವರಿಗೆ ಪಿಯುಸಿ ಅಂಕ ಅರ್ಹತೆಗಷ್ಟೇ ಸಾಕು. ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 40. ಮಿಕ್ಕಿದ್ದೆಲ್ಲ ನೀಟ್. ಐಐಟಿ, ಎನ್‌ಐಟಿಗಳಿಗೂ ಹನ್ನೆರಡನೇ ತರಗತಿಯಲ್ಲಿ ಶೇ 75 ಅಥವಾ ಆಯಾ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿ ಸ್ಥಾನ ಇದ್ದರಾಯಿತು, ಉಳಿದದ್ದು ಜೆಇಇ. ಜೆಇಇ ಮೇನ್ ರ‍್ಯಾಂಕ್‌ಗೆ ಮಂಡಳಿಯ ಅಂಕವನ್ನೂ ಶೇ 40 ಸೇರಿಸುವ ಪದ್ಧತಿ 2013ರಲ್ಲಿ ಬಂದು 2017ಕ್ಕೆ ಹೋಯಿತು. ದೆಹಲಿ ವಿಶ್ವವಿದ್ಯಾಲಯ ಹನ್ನೆರಡನೇ ತರಗತಿಯ ಅಂಕವನ್ನೇ ನಂಬಿದ್ದಾಗ ಕೆಲವು ಕಾಲೇಜುಗಳ ಕಟ್‌ಆಫ್ ನೂರಕ್ಕೆ ನೂರು ಮುಟ್ಟಿತ್ತು. 2022ರಿಂದ ಅಲ್ಲಿಯೂ ಪ್ರವೇಶ ಪರೀಕ್ಷೆ. ದೇಶವೆಲ್ಲ ಅಂಕದಿಂದ ಪ್ರವೇಶ ಪರೀಕ್ಷೆಯ ಕಡೆಗೆ ವಾಲುತ್ತಿದೆ. ಇದು ನ್ಯಾಯದ ದಾರಿ ಎಂದು ಹಲವರ ನಂಬಿಕೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಮಂಡಳಿ ಪರೀಕ್ಷೆಗೆ ಓದಲು ಪಠ್ಯಪುಸ್ತಕ, ಒಬ್ಬ ಒಳ್ಳೆಯ ಮೇಷ್ಟ್ರು ಸಾಕು. ಮೂರು ಗಂಟೆಯ ಬಹು ಆಯ್ಕೆ ಪರೀಕ್ಷೆಗೆ ತರಬೇತಿಯ ಮಾರುಕಟ್ಟೆಯೇ ಬೆಳೆದಿದೆ, ಅಲ್ಲಿನ ಶುಲ್ಕ ಲಕ್ಷದ ಲೆಕ್ಕದಲ್ಲಿದೆ.

ಹಾಗೆಂದು ಅಂಕವನ್ನೇ ಪೂರ್ತಿ ನೆಚ್ಚಿಕೊಂಡರೆ ಇನ್ನೊಂದು ಕೇಡು. ಗ್ರಾಮ ಲೆಕ್ಕಿಗರನ್ನು ಮೊದಲು ಪಿಯುಸಿ ಅಂಕದ ಮೇಲೆಯೇ ಆರಿಸುತ್ತಿದ್ದರು. ಅದೇ ಹುದ್ದೆ ಗ್ರಾಮ ಆಡಳಿತ ಅಧಿಕಾರಿ ಎಂದಾದ ಮೇಲೆ, 2024ರಲ್ಲಿ ಒಂದು ಸಾವಿರ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಅಂಕವನ್ನೇ ಆಧರಿಸಿ ನೇಮಕ ನಡೆದ ಜಲಸಂಪನ್ಮೂಲ ಇಲಾಖೆಯ ಎಸ್‌ಡಿಎ ಹುದ್ದೆಗಳಿಗೆ ನಕಲಿ ಅಂಕಪಟ್ಟಿ ಕೊಟ್ಟ ಆರೋಪದ ಮೇಲೆ ಅದೇ ವರ್ಷ ಸಿಸಿಬಿ ಹಲವರನ್ನು ಬಂಧಿಸಿತು. ಇದರಲ್ಲಿ ಸೋತದ್ದು, ನಿಯತ್ತಾಗಿ ಓದಿ ಶೇ 88 ತೆಗೆದು ಪಟ್ಟಿಯ ಹೊರಗುಳಿದ ಮಕ್ಕಳು.

ಇನ್ನು ಎಂಜಿನಿಯರಿಂಗ್ ಮುಗಿಸಿದವರ ಉದ್ಯೋಗದ ಮಾತು. ಕ್ಯಾಂಪಸ್‌ಗೆ ಬಂದು ಒಟ್ಟಿಗೆ ನೂರಾರು ಜನರನ್ನು ತೆಗೆದುಕೊಳ್ಳುವ ಐಟಿ ಕಂಪನಿಗಳ ಷರತ್ತು ಹೆಚ್ಚುಕಡಿಮೆ ಒಂದೇ: ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ 60, ಬ್ಯಾಕ್‌ಲಾಗ್ ಇರಬಾರದು. ಮಕ್ಕಳು ಇದನ್ನು 'ಥ್ರೂಔಟ್ ಸಿಕ್ಸ್ಟಿ' ಅನ್ನುತ್ತಾರೆ. ಸಿಜಿಪಿಎ 6.5 ಇದ್ದವರು ತಮ್ಮದು ಶೇ 65 ಎಂದುಕೊಂಡಿರುತ್ತಾರೆ. ವಿಟಿಯು 2015ರಲ್ಲಿ ತಂದ ಸಿಬಿಸಿಎಸ್ ಸ್ಕೀಮ್‌ನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವುದು ಸೂತ್ರವಾಗಿತ್ತು. ಆಗ 6.5 ಎಂದರೆ ಶೇ 57.5. ಅರವತ್ತು ತಲುಪಲು 6.75 ಬೇಕಿತ್ತು. ಆರು, ಏಳನೇ ಸೆಮಿಸ್ಟರ್‌ನಲ್ಲಿ ಈ ಲೆಕ್ಕ ಗೊತ್ತಾದರೆ ಸರಿಪಡಿಸಿಕೊಳ್ಳಲು ಉಳಿದಿರುವ ಸಮಯ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ಹುಡುಗಿಯ ವಿಷಯ ಇಲ್ಲೇ ಬರಬೇಕು. ಅದುವರೆಗೆ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಸಲೀಸಾಗಿ ಹೇಳುತ್ತಿದ್ದವಳು ಜೂನ್ ತಿಂಗಳಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳಬೇಕು. ವಿಷಯ ಗೊತ್ತಿದ್ದೂ ಬರೆಯಲಾಗದ ಸಂಕಟ ಅದು. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣರಿಗೆ ಶೇ 15 ಮೀಸಲಾತಿ ಇರುವುದರಿಂದ ಅವಳಿಗೆ ಸೀಟು ಸಿಗುತ್ತದೆ. ಅಲ್ಲಿಂದ ಮುಂದೆ ಆ ಸಹಾಯವಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ 5.5 ಬರುತ್ತದೆ. ಆಮೇಲೆ 6, 6.5, 7 ಹೀಗೆ ಏರುತ್ತಾ ಎಂಟನೇ ಸೆಮಿಸ್ಟರ್‌ಗೆ 9 ತಲುಪುತ್ತಾಳೆ ಎನ್ನಿ. ಕ್ರೆಡಿಟ್ ಸಮವಾಗಿದ್ದರೆ ಅವಳ ಸಿಜಿಪಿಎ 7.25. ಮೊದಲಿನಿಂದ ಕೊನೆಯವರೆಗೆ 7.25ರಲ್ಲೇ ನಿಂತವನದೂ ಅಷ್ಟೇ. ಇಬ್ಬರಲ್ಲಿ ಯಾರಿಗೆ ಕಲಿಯುವ ಶಕ್ತಿ ಹೆಚ್ಚು ಎಂದು ಯಾವ ಮೇಷ್ಟ್ರಾದರೂ ಹೇಳಬಲ್ಲರು, ಸರಾಸರಿ ಮಾತ್ರ ಹೇಳಲಾರದು. ಕ್ಯಾಂಪಸ್‌ಗೆ ಕಂಪನಿಗಳು ಬರುವುದು ಏಳನೇ ಸೆಮಿಸ್ಟರ್ ಹೊತ್ತಿಗೆ. ಆಗ ಅವಳ ಆರು ಸೆಮಿಸ್ಟರ್‌ಗಳ ಸರಾಸರಿ 6.75. ಆ ಸೂತ್ರದ ಪ್ರಕಾರ ಶೇ 60 ಸರಿಯಾಗಿ, ಅಂಚಿನಲ್ಲಿ. ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಜ್ವರ ಬಂದು ಒಂದು ಪೇಪರ್ ಕೆಟ್ಟಿದ್ದರೂ ಅವಳು ಕಂಪನಿಯ ಪರೀಕ್ಷಾ ಕೊಠಡಿಯೊಳಗೆ ಕೂರುವಂತಿರಲಿಲ್ಲ.

ವಿದೇಶಕ್ಕೆ ಹೋಗುವವರಿಗೆ ಸಿಜಿಪಿಎಯ ಬೆಲೆ ಇನ್ನೂ ಹೆಚ್ಚು. ಬೆಂಗಳೂರಿನಿಂದ ಎಂಎಸ್‌ಗೆ ಜರ್ಮನಿಯತ್ತ ಹೊರಟವರೆಲ್ಲ ಬವೇರಿಯನ್ ಸೂತ್ರವನ್ನು ಬಾಯಿಪಾಠ ಮಾಡಿರುತ್ತಾರೆ. ಅಲ್ಲಿ 1 ಅತ್ಯುತ್ತಮ, 4 ಎಂದರೆ ಬರೀ ಪಾಸು. ಗರಿಷ್ಠ ಗ್ರೇಡ್‌ನಿಂದ ನಿಮ್ಮ ಗ್ರೇಡ್ ಕಳೆದು, ಅದನ್ನು ಗರಿಷ್ಠ ಮತ್ತು ಪಾಸು ಗ್ರೇಡ್‌ಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಬೇಕು. ಸಿಜಿಪಿಎ 7 ಇದ್ದವರ ವಿಶ್ವವಿದ್ಯಾಲಯದಲ್ಲಿ ಪಾಸು ಗ್ರೇಡ್ 4 ಆಗಿದ್ದರೆ ಉತ್ತರ 2.5, 5 ಆಗಿದ್ದರೆ 2.8. ಹಲವು ಕೋರ್ಸುಗಳು 2.5ಕ್ಕೆ ಗೆರೆ ಎಳೆಯುತ್ತವೆ. ಒಂದೇ ಏಳು ಒಬ್ಬರನ್ನು ಒಳಗೆ ಬಿಟ್ಟು ಇನ್ನೊಬ್ಬರನ್ನು ಹೊರಗೆ ನಿಲ್ಲಿಸುತ್ತದೆ.

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾದ ಮೇಲೆ? ಆಗ ಅಂಕಪಟ್ಟಿಯನ್ನು ದಾಖಲೆ ಪರಿಶೀಲನೆಗೆ ಬಿಟ್ಟರೆ ಹೆಚ್ಚಿನವರು ಕೇಳುವುದಿಲ್ಲ. ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಸಂದರ್ಶನ ಬಹಳ ಚರ್ಚೆಯಾಗಿತ್ತು. ತಮ್ಮಲ್ಲಿನ ಮಾಹಿತಿ ನೋಡಿದರೆ, ಆಗತಾನೇ ಪದವಿ ಮುಗಿಸಿದವರಲ್ಲಿ ಸಣ್ಣ ಸಂಬಂಧ ಕಾಣುವುದನ್ನು ಬಿಟ್ಟರೆ ನೇಮಕಾತಿಗೆ ಜಿಪಿಎ ಪ್ರಯೋಜನಕ್ಕೆ ಬರುವುದಿಲ್ಲ ಎಂದಿದ್ದರು. ಯುಪಿಎಸ್‌ಸಿಗೆ ಪದವಿ ಇದ್ದರೆ ಸಾಕು, ಎಷ್ಟು ಅಂಕ ಎಂದು ಕೇಳುವುದಿಲ್ಲ. ಕೆಎಎಸ್‌ಗೂ ಹಾಗೆಯೇ. ಅಂದರೆ ಅಂಕದ ಹಿಡಿತ ಬಿಗಿಯಾಗಿರುವುದು ಹದಿನಾರರಿಂದ ಇಪ್ಪತ್ತೆರಡರವರೆಗೆ, ಅದರಲ್ಲೂ ಬೇರೆ ಆಸರೆ ಇಲ್ಲದವರ ಮೇಲೆ.

ಆದ್ದರಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಇಂದು ತಿಳಿಸಬೇಕಾದ ಮೊದಲ ವಿಷಯ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವ ವ್ಯವಸ್ಥೆ. ಪರೀಕ್ಷೆ-1ರಲ್ಲಿ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದೇ ಉಳಿಯುತ್ತದೆ. ಇದು ನಪಾಸಾದವರಿಗೆ ಮಾತ್ರ ಎಂದುಕೊಂಡ ಮನೆಗಳು ಹಳ್ಳಿಗಳಲ್ಲಿ ಈಗಲೂ ಇವೆ. ಪ್ರತಿ ಪ್ರೌಢಶಾಲೆಯ ಮೇಷ್ಟ್ರೂ ಫಲಿತಾಂಶದ ವಾರದಲ್ಲಿ ಮಕ್ಕಳನ್ನು ಕರೆದು ಹೇಳಿದರೆ ಅಂಚಿನಲ್ಲಿರುವ ಎಷ್ಟೋ ಮಂದಿ ದಡ ಸೇರುತ್ತಾರೆ.

ಕಂಪನಿಗಳಿಗೂ ಒಂದು ಬೇಡಿಕೆ ಇಡಬೇಕು. ಎಂಜಿನಿಯರಿಂಗ್ ಮುಗಿಸಿದವರ ಹತ್ತನೇ ತರಗತಿಯ ಅಂಕ ಕೇಳುವುದನ್ನು ಅವು ನಿಲ್ಲಿಸಲಿ. ಕೋಡ್ ಬರೆಸಿ ನೋಡಲು ಅವುಗಳದೇ ಪರೀಕ್ಷೆ ಇದೆ, ಅದುವರೆಗೆ ಮುಗಿದ ಕೊನೆಯ ಎರಡು ಸೆಮಿಸ್ಟರ್‌ಗಳ ಗ್ರೇಡ್ ಕೈಯಲ್ಲೇ ಇದೆ. ಸಾವಿರಾರು ಅರ್ಜಿಗಳನ್ನು ಬೇಗ ಜರಡಿ ಹಿಡಿಯಲು ಶೇ 60ರ ಗೆರೆ ಅನುಕೂಲ ಎಂಬುದು ನಿಜ. ಆದರೆ ಆ ಜರಡಿಯಲ್ಲಿ ಕೆಳಗೆ ಉದುರಿಹೋಗುವವರ ಪಟ್ಟಿಯನ್ನು ನಮ್ಮ ಪ್ಲೇಸ್‌ಮೆಂಟ್ ಅಧಿಕಾರಿಗಳು ಒಮ್ಮೆ ತೆರೆದು, ಅವರಲ್ಲಿ ಎಷ್ಟು ಜನ ಕನ್ನಡ ಮಾಧ್ಯಮದವರು, ಎಷ್ಟು ಜನ ಮನೆಯಲ್ಲಿ ಮೊದಲ ಪದವೀಧರರು ಎಂದು ಬರೆದು ಕಂಪನಿಗಳ ಮುಂದಿಡಬೇಕು. ಆ ಪಟ್ಟಿ ಪ್ರತಿ ಕಾಲೇಜಿನ ಕಚೇರಿಯಲ್ಲೂ ಇದೆ.