ಗ್ಲಾರುಸಿನ ಬಾಳುವೆ

ಸ್ವಿಟ್ಜರ್ಲೆಂಡಿನ ಹೆಸರು ಕೇಳಿದೊಡನೆ ಎಲ್ಲರಿಗೂ ಹಿಮಶಿಖರಗಳು ನೆನಪಾದರೆ, ಕನ್ನಡದ ಅಧ್ಯಾಪಕನಿಗೆ ನಿಘಂಟು ನೆನಪಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶವನ್ನು ಹೊರತಂದುದು ಬಾಸೆಲ್ ಮಿಷನ್. ಆ ಬಾಸೆಲ್ ಸ್ವಿಸ್ ನಗರ. ಹೀಗೆ ಪುಸ್ತಕದ ಮೂಲಕ ಮಾತ್ರ ಬಲ್ಲ ದೇಶದಲ್ಲಿ ಆರು ವಾರ ಇದ್ದು ಬರುವ ಯೋಗ ನನಗೆ ಒದಗಿತು. ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡಕ್ಕೆ ಹೆದರುತ್ತಿದ್ದ ವಿಜ್ಞಾನದ ವಿದ್ಯಾರ್ಥಿಯೊಬ್ಬ ಈಗ ಅಲ್ಲಿ ಎಂಜಿನಿಯರ್. ಅವನ ಉದ್ಯೋಗ ಜೂರಿಕ್ ನಗರದಲ್ಲಿ. ಮನೆ ಮಾತ್ರ ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ ಗ್ಲಾರುಸ್ ಎಂಬ ಸಣ್ಣ ಊರಿನಲ್ಲಿ.

ಸುತ್ತಣ ಹಳ್ಳಿಗಳನ್ನು ಸೇರಿಸಿದರೂ ಅಲ್ಲಿನ ಜನಸಂಖ್ಯೆ 12,000ಕ್ಕೆ ಸ್ವಲ್ಪ ಮೇಲೆ, ಅಷ್ಟೆ. ಊರು ಸಮುದ್ರಮಟ್ಟದಿಂದ 500 ಮೀಟರನ್ನೂ ಮುಟ್ಟುವುದಿಲ್ಲ. ಆದರೆ ಅದರ ನೆತ್ತಿಯ ಮೇಲೆಯೇ ಎಂಬಂತೆ 2,900 ಮೀಟರಿಗೂ ಮಿಗಿಲಾದ ಗ್ಲೇರ್ನಿಷ್ ಪರ್ವತ ನಿಂತಿದೆ. ಪಕ್ಕದಲ್ಲಿ ಲಿಂಟ್ ನದಿ. ಕಣಿವೆಯಾದುದರಿಂದ ಸೂರ್ಯ ತಡವಾಗಿ ಬಂದು ಬೇಗ ಹೊರಡುತ್ತಾನೆ.

ನನಗೆ ಮೊದಲು ಸೋಜಿಗವೆನಿಸಿದುದು ಬೆಟ್ಟವಲ್ಲ, ಮಕ್ಕಳು. ಬೆಳಗ್ಗೆ ಐದಾರು ವರ್ಷದ ಹಸುಳೆಗಳು ಕೊರಳಿಗೆ ಹೊಳೆಯುವ ತ್ರಿಕೋನಪಟ್ಟಿಯೊಂದನ್ನು ತೊಟ್ಟು, ದೊಡ್ಡವರ ಕೈ ಹಿಡಿಯದೆ, ತಾವಾಗಿಯೇ ಶಿಶುವಿಹಾರಕ್ಕೆ ನಡೆದುಹೋಗುತ್ತವೆ. ವಾಹನಗಳು ಅವಕ್ಕಾಗಿ ನಿಲ್ಲುತ್ತವೆ. ನನ್ನ ಶಿಷ್ಯನ ಆರು ವರ್ಷದ ಮಗಳೂ ಹಾಗೆಯೇ ಹೋಗುತ್ತಿದ್ದಳು. ಮೊದಲ ದಿನ ನಾನು ಅವಳ ಜೊತೆಗೆ ಹೊರಟಾಗ ಅವಳು ನಿಂತು, "ಮಾಮ, ನೀವು ಬರಬೇಡಿ. ನಾನು ಸಣ್ಣವಳು ಅಂತ ಎಲ್ಲರೂ ನಗುತ್ತಾರೆ" ಎಂದಳು. ಒಂದು ಊರು ತನ್ನ ಬೀದಿಯನ್ನು ಮಗುವಿನ ಕೈಗೆ ನಂಬಿ ಒಪ್ಪಿಸಬಲ್ಲದಾದರೆ ಅದಕ್ಕಿಂತ ದೊಡ್ಡ ಸಂಪತ್ತು ಯಾವುದು ಎಂದು ಆ ಬೆಳಗ್ಗೆ ಯೋಚಿಸಿದೆ.

ಆದರೆ ಈ ನೆಮ್ಮದಿಗೆ ಬೆಲೆಯುಂಟು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಮನೆಗೆ ಬರುವುದು ಅಲ್ಲಿನ ರೂಢಿ. ಆದುದರಿಂದ ತಾಯಿಯರಲ್ಲಿ ಅನೇಕರು ಅರೆಕಾಲದ ಕೆಲಸಕ್ಕೇ ತೃಪ್ತರಾಗಬೇಕು. ಶಿಷ್ಯನ ಹೆಂಡತಿಯೂ ಅವರಲ್ಲಿ ಒಬ್ಬಳು. ಆರೋಗ್ಯವಿಮೆ 1996ರಿಂದ ಎಲ್ಲರಿಗೂ ಕಡ್ಡಾಯ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ತಿಂಗಳ ಕಂತು ಕಟ್ಟಬೇಕು. ಭಾನುವಾರ ಗದ್ದಲ ಕೂಡದು. ಖಾಲಿ ಸೀಸೆಗಳನ್ನು ತೊಟ್ಟಿಗೆ ಹಾಕುವ ಸದ್ದು ಸಹ ಆ ದಿನ ಅಪರಾಧ. ಬಹುಮಹಡಿ ಮನೆಗಳಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಒಂದೇ, ಅದಕ್ಕೆ ಸರದಿಯ ಪಟ್ಟಿ. ಇದನ್ನು ಅರಿಯದೆ ನಾನೊಂದು ದಿನ ನನ್ನ ಪಂಚೆ ಅಂಗಿಗಳನ್ನು ಯಂತ್ರಕ್ಕೆ ಹಾಕಿ ಬಂದೆ. ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿದ ಸದ್ದು. ಎಂಬತ್ತರ ಹತ್ತಿರದ ನೆರೆಮನೆಯ ಮುದುಕಿ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ಕೂಗಾಡಲಿಲ್ಲ, ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈ ಶಿಸ್ತು ಹುಟ್ಟುಗುಣವೆಂದು ತಿಳಿಯುವುದು ತಪ್ಪು. 1861ರ ಮೇ 10ರ ರಾತ್ರಿ ಈ ಊರಿಗೆ ಬೆಂಕಿ ಬಿತ್ತು. ಬೆಟ್ಟದಿಂದ ಇಳಿದು ಬೀಸುವ 'ಫ್ಯೋನ್' ಎಂಬ ಒಣ ಬಿಸಿಗಾಳಿ ಅದನ್ನು ಮನೆಯಿಂದ ಮನೆಗೆ ಹಬ್ಬಿಸಿತು. ಸುಮಾರು 600 ಕಟ್ಟಡಗಳು ನಾಶವಾದುವು. ಇಂದು ಕಾಣುವ ನೇರ ಬೀದಿಗಳೂ ಚೌಕದ ಕೇರಿಗಳೂ ಆ ಬೂದಿಯ ಮೇಲೆ ಯೋಜಿಸಿ ಕಟ್ಟಿದವು. ಆಗ ಇಲ್ಲಿನ ಮುಖ್ಯ ಕಸುಬು ಹತ್ತಿಯ ಬಟ್ಟೆಗೆ ಬಣ್ಣದ ಅಚ್ಚು ಹಾಕುವುದು. ಅಂಥ ಬಟ್ಟೆಗೆ ಯೂರೋಪಿನಲ್ಲಿ 'ಆಂಡಿಯೆನ್' ಎಂದು ಹೆಸರು. ಎಂದರೆ ಭಾರತದ್ದು ಎಂದೇ ಅರ್ಥ. ನಮ್ಮ ಕರಾವಳಿಗಳಿಂದ ಹೋದ ಚಿತ್ರವಸ್ತ್ರಗಳನ್ನು ನೋಡಿ ಕಲಿತ ವಿದ್ಯೆಯದು. ಕಲಿತವರು ಅದನ್ನು ಮರಳಿ ಪೂರ್ವದೇಶಗಳಿಗೇ ಮಾರಿದರು! ಕಾರ್ಖಾನೆಗಳಲ್ಲಿ ದುಡಿಯುವವರ ಪಾಡು ಕಠಿನವಾಗಿತ್ತು. 1864ರಲ್ಲಿ ಇಲ್ಲಿನ ಪ್ರಜೆಗಳು ಸಭೆ ಸೇರಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ರಾತ್ರಿಯ ದುಡಿಮೆ ಕೂಡದೆಂದೂ ಶಾಸನ ಮಾಡಿದರು. ಇಡೀ ದೇಶಕ್ಕೆ ಕಾರ್ಖಾನೆಯ ಕಾನೂನು ಬಂದುದು 1877ರಲ್ಲಿ.

ಇದೇ ಊರಿನ ಇನ್ನೊಂದು ನೆನಪು ಕಹಿಯಾದುದು. 1782ರಲ್ಲಿ ಅನ್ನಾ ಗ್ಯೋಲ್ಡಿ ಎಂಬ ಮನೆಗೆಲಸದ ಹೆಣ್ಣು, ಒಡೆಯನ ಮಗಳಿಗೆ ಮಾಟ ಮಾಡಿದಳೆಂಬ ಆರೋಪಕ್ಕೆ ಸಿಕ್ಕಿ, ಚಿತ್ರಹಿಂಸೆಯನ್ನು ಉಂಡು, ಇಲ್ಲಿ ಶಿರಚ್ಛೇದಕ್ಕೆ ಗುರಿಯಾದಳು. ಯೂರೋಪಿನಲ್ಲಿ ಮಾಟಗಾತಿಯೆಂದು ಕೊಲ್ಲಲ್ಪಟ್ಟ ಕೊನೆಯವರಲ್ಲಿ ಅವಳೊಬ್ಬಳು. ಅವಳು ನಿರಪರಾಧಿಯೆಂದು ಈ ಪ್ರಾಂತದ ಶಾಸನಸಭೆ ಘೋಷಿಸಿದುದು 2008ರಲ್ಲಿ. ನೆರೆಹೊರೆಯ ಕಣ್ಣು ಕಾಯಬಲ್ಲದು, ಕೊಲ್ಲಲೂ ಬಲ್ಲದು. ಸಣ್ಣ ಊರಿನ ಸೊಗಸನ್ನು ಹೊಗಳುವವರು ಇದನ್ನು ಮರೆಯಬಾರದು.

ಈ ಊರಿನ ಪ್ರಾಣವನ್ನು ನಾನು ಕಂಡದ್ದು ಮೇ ತಿಂಗಳ ಮೊದಲನೆಯ ಭಾನುವಾರ. ಆ ದಿನ 'ಲಾಂಡ್ಸ್‌ಗೆಮೈಂಡೆ' ಎಂಬ ಮಹಾಜನ ಸಭೆ. 1387ರಷ್ಟು ಹಿಂದೆಯೇ ಸೇರಿದ್ದ ಸಭೆಯಿದು. ಇಡೀ ದೇಶದಲ್ಲಿ ಪ್ರಾಂತದ ಮಟ್ಟದಲ್ಲಿ ಇದನ್ನು ಉಳಿಸಿಕೊಂಡಿರುವುದು ಗ್ಲಾರುಸ್ ಮತ್ತು ಒಳ ಆಪನ್ಸೆಲ್ ಎರಡೇ. ಬಯಲಿನಲ್ಲಿ ಮರದ ದೊಡ್ಡ ವರ್ತುಲ ಕಟ್ಟುತ್ತಾರೆ. 16 ವರ್ಷ ತುಂಬಿದ ಪ್ರಜೆಗಳೆಲ್ಲರೂ ಒಳಗೆ ಸೇರುತ್ತಾರೆ. ನಡುವೆ, ವೇದಿಕೆಯ ಬಳಿ, ಮಕ್ಕಳಿಗೆ ಜಾಗ. ತೆರಿಗೆಯ ಪ್ರಮಾಣದಿಂದ ಹಿಡಿದು ಕಾನೂನಿನವರೆಗೆ ಎಲ್ಲವೂ ಅಲ್ಲಿ ತೀರ್ಮಾನ. ಯಾವನೇ ಪ್ರಜೆ ಎದ್ದು ಮಾತನಾಡಬಹುದು, ತಿದ್ದುಪಡಿ ಸೂಚಿಸಬಹುದು. ಮತ ಎಣಿಸುವುದಿಲ್ಲ, ಎತ್ತಿ ಹಿಡಿದ ಚೀಟಿಗಳ ಸಾಗರವನ್ನು ಸಭಾಪತಿ ಕಣ್ಣಳತೆಯಿಂದ ನೋಡಿ ಹೇಳುತ್ತಾನೆ. 2006ರಲ್ಲಿ ಪ್ರಾಂತದ 25 ಗ್ರಾಮಗಳನ್ನು 10ಕ್ಕೆ ಇಳಿಸಬೇಕೆಂದು ಸರಕಾರ ಸೂಚಿಸಿದಾಗ ಸಾಮಾನ್ಯ ಪ್ರಜೆಯೊಬ್ಬ ಎದ್ದು, ಮೂರೇ ಸಾಕೆಂದ; ಸಭೆ ಅವನ ಮಾತನ್ನೇ ಎತ್ತಿ ಹಿಡಿಯಿತು. 2011ರಿಂದ ಅಲ್ಲಿರುವುದು ಮೂರೇ.

ಆ ಬೆಳಗ್ಗೆ ಬಟ್ಟೆಯ ಸರದಿಯ ಮುದುಕಿಯೇ ನಮ್ಮ ಪುಟ್ಟಿಯ ಕೈ ಹಿಡಿದು ವರ್ತುಲದ ಒಳಕ್ಕೆ ಕರೆದುಕೊಂಡು ಹೋದಳು. ಮಗು ನಡುವೆ ತನ್ನ ಗೆಳತಿಯರ ಜೊತೆಗೆ ಕುಳಿತುಬಿಟ್ಟಿತು. ಶಿಷ್ಯನೂ ನಾನೂ ಕಟಕಟೆಯ ಹೊರಗೆ, ನೋಡುವವರ ಗುಂಪಿನಲ್ಲಿ. ಅವನಿಗೆ ಅಲ್ಲಿ ಹನ್ನೊಂದನೆಯ ವರ್ಷ. ತೆರಿಗೆ ತಪ್ಪದೆ ಕಟ್ಟುತ್ತಾನೆ. ಆದರೆ ಆ ತೆರಿಗೆ ಎಷ್ಟಿರಬೇಕೆಂದು ಕೈಯೆತ್ತುವ ಹಕ್ಕಿಲ್ಲ. ಆ ದೇಶದ ನಿವಾಸಿಗಳಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ಅವನಂತೆ ಪೌರತ್ವವಿಲ್ಲದವರು. ಹತ್ತು ವರ್ಷ ವಾಸವಾದ ಮೇಲೆ, ಭಾಷೆ ಕಲಿತು, ಗ್ರಾಮ, ಪ್ರಾಂತ, ಒಕ್ಕೂಟ ಮೂರರ ಒಪ್ಪಿಗೆಯನ್ನೂ ಪಡೆದರೆ ಅವನು ಪ್ರಜೆಯಾಗಬಹುದು. ಆದರೆ ನಮ್ಮ ಸಂವಿಧಾನ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಆ ವರ್ತುಲಕ್ಕೆ ಕಾಲಿಡಬೇಕಾದರೆ ಈ ನೆಲದ ಮತವನ್ನು ಬಿಡಬೇಕು.

"ಅರ್ಜಿ ತುಂಬಿ ಇಟ್ಟಿದ್ದೇನೆ, ಸಾರ್. ಒಂದು ವರ್ಷವಾಯಿತು, ಕಳಿಸಿಲ್ಲ" ಎಂದ. "ಊರಿನಲ್ಲಿ ಅಪ್ಪನಿಗೆ ಹೇಗೆ ಹೇಳಲಿ?"

ತರಗತಿಯಲ್ಲಿ ಅವನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವನು ನಾನು. ಈಗ ಸುಮ್ಮನಿದ್ದೆ. ಅಷ್ಟರಲ್ಲಿ ಸಭೆ ಮುಗಿದು ಮುದುಕಿ ಮಗುವನ್ನು ತಂದೊಪ್ಪಿಸಿದಳು. ನಾವು ಹೊರಗೆ ನಿಂತಿದ್ದ ಜಾಗವನ್ನು ನೋಡಿ ಏನನ್ನೋ ಹೇಳಿ ನಕ್ಕಳು. ಶಿಷ್ಯ ಅನುವಾದಿಸಿದ: "ಇಪ್ಪತ್ತು ತುಂಬಿದ ವರ್ಷ ನಾನೂ ಇಲ್ಲಿಯೇ ನಿಂತಿದ್ದೆ. ನನ್ನ ಅಣ್ಣ ಒಳಗೆ ಹೋದ, ನಾನು ಹೋಗುವಂತಿರಲಿಲ್ಲ." ಅಲ್ಲಿನ ಹೆಂಗಸರಿಗೆ ಮತದ ಹಕ್ಕು ಬಂದುದು 1971ರಲ್ಲಿ, ಅದೂ ಅದೇ ವರ್ತುಲದಲ್ಲಿ ಗಂಡಸರು ಕೈಯೆತ್ತಿ ಒಪ್ಪಿದ ಮೇಲೆ.

ಹೊರಗಿನವರನ್ನು ಒಳಗಿನವರೇ ಕರೆಯಬೇಕು. ಆ ಸಭೆಯ ಹಿರಿಮೆಯೂ ಕೊರತೆಯೂ ಇದರಲ್ಲಿಯೇ ಇದೆ. ಇದನ್ನು ಯೋಚಿಸುತ್ತ ನಡೆದಾಗ ನನ್ನ ಬಗೆಗೇ ನಾಚಿಕೆಯಾಯಿತು. ನಾನು ವಾಸಿಸುವ ಹಳ್ಳಿಯಲ್ಲಿ, 1993ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ, ಗ್ರಾಮಸಭೆ ಸೇರುತ್ತದೆ. ಡಂಗುರದ ಸದ್ದು ನನ್ನ ಕಿವಿಗೂ ಬೀಳುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳ ನೆವ ಹೇಳಿ ಒಂದು ಸಲವೂ ನಾನು ಹೋದವನಲ್ಲ. ಶಿಷ್ಯನಿಗೆ ಹಂಬಲವಿದೆ, ಹಕ್ಕಿಲ್ಲ. ಗುರುವಿಗೆ ಹಕ್ಕಿದೆ, ಹಂಬಲವಿರಲಿಲ್ಲ.

ಮಾರನೆಯ ಬೆಳಗ್ಗೆ ಪುಟ್ಟಿ ಎಂದಿನಂತೆ ತ್ರಿಕೋನಪಟ್ಟಿ ತೊಟ್ಟು ಹೊರಟಳು. ಅವಳ ತಂದೆ ಕಿಟಕಿಯ ಬಳಿ ನಿಂತು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಆಮೇಲೆ ಮೇಜಿನ ಖಾನೆ ತೆರೆದು ಆ ಅರ್ಜಿಯನ್ನು ಒಂದು ಸಲ ಓದಿ, ಮಡಿಸಿ, ಮತ್ತೆ ಅಲ್ಲಿಯೇ ಇಟ್ಟು ರೈಲಿಗೆ ಹೊರಟ. ಅವನು ಅದನ್ನು ಕಳಿಸಿದರೂ ಕಳಿಸದಿದ್ದರೂ ನಾನು ತಪ್ಪೆನ್ನಲಾರೆ. ಊರಿಗೆ ಬಂದ ಮೇಲೆ ನಾನು ಮಾಡಿದ್ದು ಇಷ್ಟೆ: ಗ್ರಾಮಸಭೆಯ ದಿನವನ್ನು ವಿಚಾರಿಸಿ, ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟೆ.