ನಂಬರ್ ಇರೋದು ಫೋನಲ್ಲೋ, ಅಕೌಂಟಲ್ಲೋ?

"ನನ್ನ ಫೋನ್ ಹಾಳಾಗಿದೆ, ನಂಬರ್ ಎಲ್ಲಾ ಹೋಗಿವೆ. ದಯವಿಟ್ಟು ನಿಮ್ಮ ಹೆಸರು ಬರೆದು ಒಂದು ಮೆಸೇಜ್ ಹಾಕಿ." ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲೂ ಇಂಥದ್ದು ಬಂದೇ ಇರುತ್ತೆ. ನಮ್ಮಲ್ಲಿ ಅದರ ಬೆನ್ನಿಗೇ ನನಗೊಂದು ಫೋನ್ ಬರುತ್ತೆ, ಸಾಫ್ಟ್‌ವೇರ್ ಕೆಲಸದವನು ಅನ್ನೋ ಒಂದೇ ಕಾರಣಕ್ಕೆ: "ಅವೆಲ್ಲಾ ವಾಪಸ್ ಬರುತ್ತೇನೋ?"

ನಾನು ಮೊದಲು ಕೇಳೋದು, ಹೆಸರು ಎಲ್ಲಿಗೆ ಸೇವ್ ಆಗ್ತಿತ್ತು ಅಂತ. ಸಿಮ್‌ಗೆ ಆಗಿದ್ದರೆ ಹೆಸರು, ನಂಬರ್ ಬಿಟ್ಟು ಹೆಚ್ಚೇನೂ ಇರಲ್ಲ; ಸಾಮಾನ್ಯವಾಗಿ 250ರ ಆಸುಪಾಸಿಗೆ ಅದೂ ತುಂಬಿಹೋಗುತ್ತೆ. ಫೋನಿನಲ್ಲೇ ಇಟ್ಟಿದ್ದು ಫೋನಿನ ಜೊತೆಗೇ ಹೋಗುತ್ತೆ. ಗೂಗಲ್ ಅಥವಾ ಐಕ್ಲೌಡ್ ಅಕೌಂಟಿಗೆ ಹೋಗಿದ್ದರೆ, ಹೊಸ ಫೋನಿಗೆ ಅದೇ ಅಕೌಂಟ್ ಹಾಕಿದ ಸ್ವಲ್ಪ ಹೊತ್ತಿಗೆ ಎಲ್ಲಾ ಬಂದು ಕೂರುತ್ತವೆ. ಕಂಪ್ಯೂಟರಿನಲ್ಲಿ ತೆರೆದರೂ ಅವೇ ಹೆಸರು ಕಾಣುತ್ತವೆ.

ಕಾಂಟ್ಯಾಕ್ಟ್ಸ್ ಸೆಟ್ಟಿಂಗ್ಸಿನಲ್ಲಿ 'ಡಿಫಾಲ್ಟ್ ಅಕೌಂಟ್' ಅಂತ ಇರುತ್ತೆ, ಒಮ್ಮೆ ನೋಡಿಕೊಳ್ಳಿ. ಅಲ್ಲಿ 'ಡಿವೈಸ್' ಅಂತ ಇದ್ದರೆ ಬದಲಾಯಿಸಿ. ಇದು ಇನ್ನು ಮುಂದೆ ಸೇರಿಸುವ ಹೆಸರುಗಳಿಗೆ ಮಾತ್ರ. ಹಳೆಯವನ್ನು ಬೇರೆಯಾಗಿ ಅಕೌಂಟಿಗೆ ಸಾಗಿಸಬೇಕು.

ನಮ್ಮ ಅಮ್ಮನ ಫೋನು ಹೋದ ವರ್ಷ ಇದ್ದಕ್ಕಿದ್ದಂತೆ ಆನ್ ಆಗದೇ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಅವರ ಸ್ನೇಹಿತರು, ಜೊತೆ ಕೆಲಸ ಮಾಡಿದವರು, ಪುರೋಹಿತರು ಎಲ್ಲರ ನಂಬರೂ ಇದ್ದದ್ದು ಅದರಲ್ಲೇ. ಅಪ್ಪನ ಹಳೇ ಟೆಲಿಫೋನ್ ಡೈರಿಯಿಂದ ಅರ್ಧದಷ್ಟು ಸಿಕ್ಕಿತು. ಉಳಿದವರಲ್ಲಿ ಕೆಲವರು ಈಗ ಎಲ್ಲಿದ್ದಾರೆ ಅಂತ ಕೇಳೋಕೂ ನಮಗೆ ಯಾರೂ ಇಲ್ಲ.

ಹೊಸ ಫೋನ್ ತಂದುಕೊಟ್ಟದ್ದು ತಮ್ಮ. ಅಮ್ಮನಿಗೆ ಜಿಮೇಲ್ ಇಲ್ಲ ಅಂತ ಅವನದೇ ಅಕೌಂಟ್ ಹಾಕಿಕೊಟ್ಟ. ಅಮ್ಮ ನೋಡಿದರೆ ಫೋನ್ ತುಂಬಾ ಪರಿಚಯವಿಲ್ಲದ ಹೆಸರು! ಮಧ್ಯಾಹ್ನ ಪುರುಸೊತ್ತಾಗಿ ಕೂತು ಒಂದೊಂದಾಗಿ ಅಳಿಸಿದ್ದಾರೆ. ಸಂಜೆಗೆ ತಮ್ಮನ ಫೋನಿನಲ್ಲಿ ಅವನ ಮ್ಯಾನೇಜರ್ ನಂಬರೇ ಇಲ್ಲ.

ಸಿಂಕ್ ಮಾಡೋದು ಅದನ್ನೇ. ಒಂದು ಕಡೆ ಸೇರಿಸಿದ್ದನ್ನು ಎಲ್ಲಾ ಕಡೆ ಸೇರಿಸುತ್ತೆ, ಒಂದು ಕಡೆ ಅಳಿಸಿದ್ದನ್ನು ಎಲ್ಲಾ ಕಡೆ ಅಳಿಸುತ್ತೆ. ಪುಣ್ಯಕ್ಕೆ ಗೂಗಲ್ ಕಾಂಟ್ಯಾಕ್ಟ್ಸಿನಲ್ಲಿ ಅಳಿಸಿದ ಹೆಸರುಗಳು 30 ದಿನ ಟ್ರ್ಯಾಶಿನಲ್ಲಿ ಇರುತ್ತವೆ. ತಮ್ಮನದು ಅಲ್ಲಿಂದಲೇ ವಾಪಸ್ ಬಂತು. ಐಕ್ಲೌಡಿನಲ್ಲೂ ಹಳೆಯ ಪ್ರತಿಯನ್ನು ಮರಳಿ ತರಿಸಿಕೊಳ್ಳಬಹುದು. ಆದರೆ ನನಗೆ ಅಷ್ಟಕ್ಕೇ ನೆಮ್ಮದಿ ಇಲ್ಲ. ಆರು ತಿಂಗಳಿಗೊಮ್ಮೆ 'ಎಕ್ಸ್‌ಪೋರ್ಟ್' ಒತ್ತಿ, ಬರುವ ವಿಸಿಎಫ್ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿಡ್ತೀನಿ. ಅದನ್ನು ಆಂಡ್ರಾಯ್ಡೂ ಓದುತ್ತೆ, ಐಫೋನೂ ಓದುತ್ತೆ. ಅಮ್ಮನಿಗೆ ಅವರದೇ ಅಕೌಂಟ್ ಮಾಡಿಕೊಟ್ಟೆವು, ಪಾಸ್‌ವರ್ಡ್ ಅದೇ ಟೆಲಿಫೋನ್ ಡೈರಿಯಲ್ಲಿದೆ. (ಭದ್ರತೆ ಬಲ್ಲವರು ಬೈಯಬಹುದು. ಬೈಯಲಿ.)

ಕ್ಯಾಲೆಂಡರಿನ ಕಥೆ ಇಷ್ಟು ಕಷ್ಟದ್ದಲ್ಲ. 'ಮನೆ' ಅಂತ ಒಂದು ಕ್ಯಾಲೆಂಡರ್ ಮಾಡಿ ಎಲ್ಲರಿಗೂ ಹಂಚಿದ್ದೇವೆ. ಅಮ್ಮನ ಡಾಕ್ಟರ್ ಅಪಾಯಿಂಟ್‌ಮೆಂಟ್, ಗ್ಯಾಸ್ ಬುಕಿಂಗ್, ಇನ್ಶೂರೆನ್ಸ್ ಕಂತು ಎಲ್ಲಾ ಅದರಲ್ಲೇ. ಅಮ್ಮನಿಗೆ ನೋಡುವ ಅನುಮತಿ ಮಾತ್ರ ಕೊಟ್ಟಿದ್ದೇವೆ, ಕಾರಣ ಮೇಲೆ ಹೇಳಿದೆನಲ್ಲ! ಅಮೆರಿಕದಲ್ಲಿರೋ ಅಕ್ಕನ ಫೋನಿನಲ್ಲಿ ಬೆಳಗಿನ ಅಪಾಯಿಂಟ್‌ಮೆಂಟ್ ಹಿಂದಿನ ರಾತ್ರಿಗೆ ಕಾಣುತ್ತೆ. ಅದು ತಪ್ಪಲ್ಲ, ಅವಳ ಊರಿನ ಗಡಿಯಾರದ ಲೆಕ್ಕ.

ಸಿಕ್ಕಿಹಾಕಿಕೊಂಡದ್ದು ಅಪ್ಪನ ಶ್ರಾದ್ಧದ ವಿಷಯದಲ್ಲಿ. 'ಪ್ರತಿ ವರ್ಷ' ಅಂತ ಒತ್ತಿದರೆ ಅದೇ ಇಂಗ್ಲಿಷ್ ತಾರೀಖಿಗೆ ಬರುತ್ತೆ; ನಮಗೆ ಬೇಕಾದ್ದು ತಿಥಿ. ಬೇರೆ ಪಂಚಾಂಗಗಳ ಪ್ರಕಾರ ದಿನ ಮರುಕಳಿಸುವಂತೆ ಬರೆಯುವ ತಾಂತ್ರಿಕ ನಿಯಮವೊಂದು 2015ರಲ್ಲೇ ಬಂದಿದೆ. ನಾವು ಬಳಸುವ ಆಪ್‌ನಲ್ಲಿ ಮಾತ್ರ ತಿಥಿ ಹಾಕುವ ಜಾಗವೇ ಇಲ್ಲ. ಹಾಗಾಗಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಅಮ್ಮ ಬೆರಳಿಟ್ಟು ಓದ್ತಾರೆ, ನಾನು ಟೈಪ್ ಮಾಡ್ತೀನಿ. ಹತ್ತು ದಿನ ಮುಂಚೆ ಮೂವರ ಫೋನೂ ನೆನಪಿಸುತ್ತೆ. ಅದಕ್ಕೂ ಮುಂಚೆ ಅಮ್ಮನೇ ಫೋನ್ ಮಾಡಿ "ರಜಾ ಹಾಕಿದ್ಯಾ?" ಅಂತ ಕೇಳಿರ್ತಾರೆ.