ಎಡಗೈಗೆ ಡ್ರಿಪ್ ಬೇಡ

ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರಬೇಕಾದ ಕಿಡ್ನಿ ರೋಗಿಗೆ ಅದು ಸಣ್ಣ ದೂರವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳು ಬಂದದ್ದು, ಬಿಪಿಎಲ್ ಕುಟುಂಬಗಳಿಗೆ ಅದು ಉಚಿತವಾದದ್ದು ಬಡವರ ಪಾಲಿಗೆ ದೊಡ್ಡ ಸಂಗತಿಯೇ. ಆದರೆ ಯಂತ್ರದ ಬಗ್ಗೆ ಆಡುವಷ್ಟು ಮಾತನ್ನು ನಾವು ರಕ್ತನಾಳದ ಬಗ್ಗೆ ಆಡುವುದಿಲ್ಲ.

ಡಯಾಲಿಸಿಸ್ ಪಂಪು ನಿಮಿಷಕ್ಕೆ 250 ಮಿಲಿಲೀಟರ್ ರಕ್ತ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಗಂಟೆಗೆ 60 ಲೀಟರ್ ಆಯಿತು. ಮೈಯಲ್ಲಿರುವುದು ಐದು ಲೀಟರ್ ಆಸುಪಾಸು. ಅದೇ ರಕ್ತ ಹತ್ತು ಹನ್ನೆರಡು ಸುತ್ತು ಹೊರಗೆ ಹೋಗಿ ಬರಬೇಕು. ಮುಂಗೈಯಲ್ಲಿ ಕಾಣುವ ನೀಲಿ ನಾಳಕ್ಕೆ, ಅಂದರೆ ಅಭಿಧಮನಿಗೆ, ಅಷ್ಟು ಕೊಡುವ ಶಕ್ತಿಯಿಲ್ಲ. ಶಕ್ತಿಯಿರುವ ಅಪಧಮನಿ ಆಳದಲ್ಲಿದೆ, ಅದಕ್ಕೆ ಪದೇ ಪದೇ ಚುಚ್ಚುವಂತಿಲ್ಲ.

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ಅಪಧಮನಿ, ಅಭಿಧಮನಿ ಎರಡಕ್ಕೂ ಟೆಫ್ಲಾನ್ ಕೊಳವೆ ಕೂರಿಸಿ ಅದನ್ನು ಚರ್ಮದ ಹೊರಗೇ ಉಳಿಸಿದರು. ದೀರ್ಘಕಾಲದ ಡಯಾಲಿಸಿಸ್ ಸಾಧ್ಯವಾದದ್ದು ಆಗಲೇ. ಆದರೆ ಹೊರಗಿನ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಕೀವಾಗುತ್ತಿತ್ತು. ನ್ಯೂಯಾರ್ಕಿನ ಬ್ರೆಸಿಯಾ, ಚಿಮಿನೊ ಮತ್ತು ಆ್ಯಪಲ್ ಎಂಬ ವೈದ್ಯರ ತಂಡ ಕೊಳವೆಯನ್ನೇ ಬಿಟ್ಟು, ಮಣಿಕಟ್ಟಿನ ಬಳಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿಯಿತು. 1966ರಲ್ಲಿ ಅದರ ವರದಿ ಪ್ರಕಟವಾಯಿತು. ರಭಸದ ರಕ್ತ ನುಗ್ಗಿದಾಗ ಅಭಿಧಮನಿ ಹಿಗ್ಗುತ್ತದೆ, ಗೋಡೆ ದಪ್ಪವಾಗುತ್ತದೆ, ದಪ್ಪ ಸೂಜಿಗೂ ಜಗ್ಗದ ನಾಳವಾಗುತ್ತದೆ. ಅದೇ ಫಿಸ್ಟುಲಾ. ಇವತ್ತಿಗೂ ಸಾಧ್ಯವಿದ್ದವರಿಗೆಲ್ಲ ವೈದ್ಯರು ಮೊದಲು ಸೂಚಿಸುವುದು ಅದನ್ನೇ. ಸ್ವಂತ ನಾಳ ಒದಗದವರಿಗೆ ಕೃತಕ ಕೊಳವೆಯ ಗ್ರಾಫ್ಟ್ ಇದೆ.

ತೊಡಕಿರುವುದು ಸಮಯದಲ್ಲಿ. ಫಿಸ್ಟುಲಾ ಮಾಗಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ನಮ್ಮಲ್ಲಿ ಅನೇಕರು ಆಸ್ಪತ್ರೆ ಸೇರುವುದೇ ಉಸಿರು ಕಟ್ಟಿ, ಕಾಲು ಊದಿದ ಮೇಲೆ. ಆಗ ಕತ್ತಿನ ನಾಳಕ್ಕೆ ಕ್ಯಾತಿಟರ್ ಎಂಬ ಕೊಳವೆ ಹಾಕದೆ ಗತಿಯಿಲ್ಲ. ತುರ್ತಿಗೆ ಅದು ಜೀವ ಉಳಿಸುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಅದರಲ್ಲೇ ಕಾಲ ತಳ್ಳಿದರೆ ಸೋಂಕು ನೇರ ರಕ್ತಕ್ಕಿಳಿಯುವ ಅಪಾಯವಿದೆ. ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಗಡಗಡ ನಡುಕದ ಜ್ವರ ಬಂದರೆ ಮೊದಲು ಅನುಮಾನಿಸಬೇಕಾದದ್ದು ಆ ಕ್ಯಾತಿಟರನ್ನೇ. ಅದರ ಸುತ್ತ ಒಣಗಿರಬೇಕು, ಆದರೆ ನಮ್ಮ ಕಡೆಯ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರ ಕೆಲಸ ದಿನವಿಡೀ ಬಿಸಿನೀರಿನ ಹಬೆಯಲ್ಲಿ. ಅಲ್ಲಿ ಬೆವರಿಗೆ ಕ್ಯಾತಿಟರಿನ ಬ್ಯಾಂಡೇಜು ಒಣಗಿರುವುದಾದರೂ ಹೇಗೆ?

ಇನ್ನು ನಮ್ಮ ಗ್ಲೂಕೋಸ್ ಹುಚ್ಚು. ಸುಸ್ತಾದರೆ, ತಲೆ ಸುತ್ತಿದರೆ, ಮದುವೆ ಮನೆಯ ಓಡಾಟ ಮುಗಿದರೆ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟ್ಲಿ ಏರಿಸಿಕೊಂಡು ಬರುವವರಿದ್ದಾರೆ. ಕಿಡ್ನಿ ಸೋಲುತ್ತಿರುವವರ ಮುಂಗೈ ನಾಳಕ್ಕೆ ಹೀಗೆ ಸಿಕ್ಕಸಿಕ್ಕಲ್ಲಿ ಚುಚ್ಚಿದರೆ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಆಮೇಲೆ ಸರ್ಜನ್‌ಗೆ ಹೊಲಿಯಲು ನಾಳವೇ ಸಿಗದು. ಸಕ್ಕರೆ ಕಾಯಿಲೆ ಹಳೆಯದಾದವರ ನಾಳಗಳಂತೂ ಮೊದಲೇ ಸೊರಗಿರುತ್ತವೆ. ಒಂದು ಬಾಟ್ಲಿಯ ಆಸೆಗೆ ಇದು ತೀರಾ ದುಬಾರಿ ಬೆಲೆ.

ಬಲಗೈ ಬಳಸುವವರಿಗೆ ಸಾಮಾನ್ಯವಾಗಿ ಎಡಗೈಯಲ್ಲೇ ಫಿಸ್ಟುಲಾ ಮಾಡುತ್ತಾರೆ. ಆದರೆ ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಎರಡೂ ಕೈ ಬೇಕು. ಬೊಂಬೆ ಕಡೆಯಲು ಲೇತ್ ಮುಂದೆ ನಿಲ್ಲುವವರು ತಮ್ಮ ಕೆಲಸವೇನೆಂದು ಸರ್ಜನ್‌ಗೆ ಮೊದಲೇ ಹೇಳುವುದು ಒಳ್ಳೆಯದು. ಆಪರೇಷನ್ ಆದ ಕೈಯನ್ನು ಮುಟ್ಟಿದರೆ ದೂರದಲ್ಲೆಲ್ಲೋ ಲೇತ್ ತಿರುಗುತ್ತಿರುವ ಹಾಗೆ ಚರ್ಮದಡಿ ಜುಂಯ್ ಎನ್ನುತ್ತದೆ. ಡಾಕ್ಟರುಗಳು ಅದಕ್ಕೆ ಥ್ರಿಲ್ ಎನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ ಬೆರಳಿಟ್ಟು ನೋಡುವುದು ರೋಗಿಯದೇ ಕೆಲಸ. ಅದು ನಿಂತಿದ್ದರೆ ಒಳಗೆ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್ ತನಕ ಕಾಯದೆ ಆವತ್ತೇ ಓಡಬೇಕು, ಬೇಗ ಹೋದರೆ ಉಳಿಸಿಕೊಳ್ಳುವ ಅವಕಾಶವಿದೆ. ಆ ಕೈಗೆ ಬಿಪಿ ಪಟ್ಟಿ ಸುತ್ತಿಸಬಾರದು, ಬಿಗಿ ಬಳೆ, ವಾಚು ತೊಡಬಾರದು, ಭಾರ ಎತ್ತಬಾರದು, ತಲೆದಿಂಬು ಮಾಡಿಕೊಂಡು ಮಲಗಬಾರದು. ಘಟಕದಲ್ಲಿ ಸೂಜಿಯ ಜಾಗ ಬದಲಿಸುತ್ತಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ನೋವು ಕಡಿಮೆ ಎಂದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಚುಚ್ಚಿಸಿಕೊಂಡರೆ ಅಲ್ಲಿ ನಾಳ ಗಂಟಿನಂತೆ ಉಬ್ಬುತ್ತದೆ.

ಮನೆಯಲ್ಲಿ ಯಾರದಾದರೂ ರಕ್ತದಲ್ಲಿ ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನೈನ್ ಏರುತ್ತಿದ್ದರೆ, ಮುಂದಿನ ಸಲ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್ ಹತ್ತಿರ ಹೋದಾಗ ಫಿಸ್ಟುಲಾ ಯಾವಾಗ ಮಾಡಿಸಬೇಕು ಎಂದು ನೀವೇ ಬಾಯಿಬಿಟ್ಟು ಕೇಳಿ. ಅಲ್ಲಿಯವರೆಗೆ ರಕ್ತ ಪರೀಕ್ಷೆಗೆ ಅಂಗೈಯ ಹಿಂಬದಿಯ ನಾಳ ತೋರಿಸಿ, ಎಡಗೈ ಮುಂದೋಳನ್ನು ಯಾರಿಗೂ ಚುಚ್ಚಲು ಕೊಡಬೇಡಿ.